ಟೋಕನ್ ನಿಮ್ಮ ಹೆಸರಲ್ಲಿದೆ ಸರಿ, ಡೇಟಾ ಯಾರ ಡಿಸ್ಕ್‌ನಲ್ಲಿದೆ?

2025ರ ಏಪ್ರಿಲ್ 24ನೇ ತಾರೀಖು ಕ್ಲೋನ್‌ಎಕ್ಸ್ ಅನ್ನೋ ಎನ್‌ಎಫ್‌ಟಿ (ಒಂದು ಡಿಜಿಟಲ್ ಚಿತ್ರ ನಿಮ್ಮದು ಅಂತ ಬ್ಲಾಕ್‌ಚೈನ್‌ನಲ್ಲಿ ಬರೆದಿಡೋ ಟೋಕನ್) ಇಟ್ಕೊಂಡಿದ್ದೋರು ತಮ್ಮ ವಾಲೆಟ್, ಅಂದ್ರೆ ಟೋಕನ್ ತೋರಿಸೋ ಆ್ಯಪ್, ತೆಗೆದು ನೋಡಿದ್ರೆ ಚಿತ್ರಗಳೇ ಮಾಯ. ಚಿತ್ರ ಇರಬೇಕಾದ ಜಾಗದಲ್ಲಿ ನೋಟಿಸ್ ಅಂಟಿಸಿದ ಹಾಗೆ ಒಂದು ಬರಹ, ಈ ಕಂಟೆಂಟ್‌ಗೆ ನಿರ್ಬಂಧ ಹಾಕಲಾಗಿದೆ, ಕ್ಲೌಡ್‌ಫ್ಲೇರ್‌ನ ಬೇಸಿಕ್ ಸರ್ವಿಸನ್ನ ಈ ರೀತಿ ಬಳಸೋದು ನಿಯಮಕ್ಕೆ ವಿರುದ್ಧ, ಅಂತ. ಸುಮಾರು 20 ಸಾವಿರ ಟೋಕನ್‌ಗಳ ಕಲೆಕ್ಷನ್ ಅದು, ಯಾವುದೋ ಗಲ್ಲಿ ಪ್ರಾಜೆಕ್ಟ್ ಅಂದ್ಕೋಬೇಡಿ, ಆರ್‌ಟಿಎಫ್‌ಕೆಟಿ ಅನ್ನೋ ಸ್ಟುಡಿಯೋ 2021ರ ಕೊನೇಲಿ ಬಿಟ್ಟಿದ್ದು, ಅದೇ ಡಿಸೆಂಬರ್‌ನಲ್ಲಿ ಆ ಸ್ಟುಡಿಯೋನ ಶೂ ಮಾಡೋ ನೈಕಿ ಕಂಪನಿಯೇ ಕೊಂಡ್ಕೊಂಡ್ತು, ಮೂರು ವರ್ಷ ಆದ್ಮೇಲೆ 2024ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕ್ತೀವಿ ಅಂತಾನೂ ಹೇಳಿಬಿಡ್ತು.

ಆ ದಿನ ಬ್ಲಾಕ್‌ಚೈನ್‌ಗೆ, ಅಂದ್ರೆ ಬೇರೆ ಬೇರೆಯೋರ ಸಾವಿರಾರು ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಕೊಳ್ಳೋ ಲೆಕ್ಕದ ಪುಸ್ತಕಕ್ಕೆ, ಏನೂ ಆಗಿರ್ಲಿಲ್ಲ. ಈ ಟೋಕನ್‌ಗಳಿರೋ ಈಥೀರಿಯಂ ಅನ್ನೋ ಬ್ಲಾಕ್‌ಚೈನ್ ಎಂದಿನ ಹಾಗೆ 12 ಸೆಕೆಂಡಿಗೊಂದು ಬ್ಲಾಕ್ (ಲೆಕ್ಕದ ಹೊಸ ಪುಟ) ಹಾಕ್ತಾ ಇತ್ತು, ಯಾವ ಟೋಕನ್ ಯಾರದ್ದು ಅನ್ನೋ ಲೆಕ್ಕ ಒಂದಕ್ಷರ ಆಚೀಚೆ ಆಗಿರ್ಲಿಲ್ಲ, ಚಿತ್ರಗಳು ಮಾತ್ರ ಕ್ಲೌಡ್‌ಫ್ಲೇರ್ ಅನ್ನೋ ಒಂದು ಕಂಪನಿಯ ಸರ್ವಿಸ್ ಮೂಲಕ ಬರ್ತಿದ್ವು, ಅಲ್ಲಿ ಎಡವಟ್ಟಾಯ್ತು, ಇಲ್ಲಿ ಕತ್ತಲೆ. ಆಮೇಲೆ ಸರಿ ಮಾಡಿದ್ರು, ಆರ್‌ವೀವ್ ಅನ್ನೋ ಇನ್ನೊಂದು ಸ್ಟೋರೇಜ್ ಜಾಲಕ್ಕೆ ಸಾಗಿಸ್ತಾ ಇದೀವಿ ಅಂದ್ರು. ಅದು ಬೇರೆ ಮಾತು.

ನಮ್ಮ ಕಡೆ ಜಮೀನಿನ ವ್ಯವಹಾರ ಗೊತ್ತಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ಪಹಣಿಯಲ್ಲಿ ಹೆಸರು ನಿಮ್ಮದೇ, ಉಳ್ತಾ ಇರೋನು ಬೇರೆ, ಬೇಲಿ ಒತ್ತಿರೋನು ಇನ್ನೊಬ್ಬ, ಕೋರ್ಟಿಗೆ ಹೋದ್ರೆ ಪಹಣಿ ಕಂದಾಯದ ದಾಖಲೆ ಅಷ್ಟೇ ಕಣ್ರೀ, ಹಕ್ಕುಪತ್ರ ತಗೊಂಡು ಬನ್ನಿ ಅಂತಾರೆ. ಬ್ಲಾಕ್‌ಚೈನ್ ಆ್ಯಪ್‌ಗಳಲ್ಲಿ ಬಹಳಷ್ಟು ಸಲ ನಮ್ಮ ಕೈಗೆ ಸಿಗೋದು ಪಹಣಿ. ಅದು ಪಕ್ಕಾ ಇರುತ್ತೆ, ಯಾವ ಶಾನುಭೋಗರೂ ತಿದ್ದೋಕಾಗಲ್ಲ, ಅದೇನು ಸಣ್ಣ ವಿಷಯ ಅಲ್ಲ. ಆದ್ರೆ "ನಿಮ್ಮ ಡೇಟಾಕ್ಕೆ ನೀವೇ ಮಾಲೀಕರು" ಅಂತ ವೆಬ್3 ಕಂಪನಿಗಳು, ಅಂದ್ರೆ ಬ್ಲಾಕ್‌ಚೈನ್ ಮೇಲೆ ಆ್ಯಪ್ ಕಟ್ಟೋರು, ಬೋರ್ಡ್ ಹಾಕ್ಕೊಂಡಾಗ ಜನ ತಿಳ್ಕೊಳ್ಳೋದು ಜಮೀನೇ ಸಿಕ್ತು ಅಂತ.

ನನ್ನ ಪ್ರಕಾರ ಇಂಥ ಯಾವ ಆ್ಯಪ್ ಬಂದ್ರೂ ಕೇಳಬೇಕಾದ್ದು ಎರಡೇ ಪ್ರಶ್ನೆ. ಡೇಟಾ ಇರೋ ಡಿಸ್ಕ್‌ಗೆ ಬಾಡಿಗೆ ಯಾರು ಕಟ್ತಾ ಇದಾರೆ? ನಾಳೆ ಬೇಡ ಅನ್ನಿಸಿದ್ರೆ ನನ್ನ ಗಂಟುಮೂಟೆ ಕಟ್ಕೊಂಡು ಬೇರೆ ಕಡೆ ಹೋಗೋಕೆ ಆಗುತ್ತಾ? ಡೀಸೆಂಟ್ರಲೈಸ್ಡ್ (ಯಾರೊಬ್ಬರ ಹಿಡಿತದಲ್ಲೂ ಇಲ್ಲದ್ದು) ಅನ್ನೋ ಪದ ಎಷ್ಟು ಸಲ ಬಂದಿದೆ ಅಂತ ಎಣಿಸೋದಕ್ಕಿಂತ ಇದು ಉಪಯೋಗ.

ಮೊದಲು ಬಾಡಿಗೆ ವಿಷಯ. ಎಲ್ಲಾನೂ ಚೈನ್ ಮೇಲೇ ಯಾಕೆ ಇಡಲ್ಲ ಅಂತ ಕೇಳಿದ್ರೆ ಉತ್ತರ ದುಡ್ಡು. ಈಥೀರಿಯಂನಲ್ಲಿ ಒಂದು ಸ್ಮಾರ್ಟ್ ಕಾಂಟ್ರಾಕ್ಟ್ (ಚೈನ್ ಮೇಲೇ ಓಡೋ ಪ್ರೋಗ್ರಾಮ್) ಹೊಸದಾಗಿ 32 ಬೈಟ್ ಬರೆದಿಡಬೇಕು ಅಂದ್ರೆ ಸುಮಾರು 20,000 ಗ್ಯಾಸ್ ಬೇಕು, ಗ್ಯಾಸ್ ಅಂದ್ರೆ ಚೈನ್ ಮೇಲಿನ ಕೆಲಸಕ್ಕೆ ಶುಲ್ಕ ಲೆಕ್ಕ ಹಾಕೋ ಅಳತೆ, 32 ಬೈಟ್ ಅಂದ್ರೆ ಇಂಗ್ಲಿಷ್ ಅಕ್ಷರದಲ್ಲಿ 32, ಕನ್ನಡದಲ್ಲಾದ್ರೆ ಒಂದೊಂದು ಅಕ್ಷರ ಮತ್ತೆ ಗುಣಿತದ ಚಿಹ್ನೆಗೂ 3 ಬೈಟ್ ಹಿಡಿಯುತ್ತೆ, ನಿಮ್ಮ ಪೂರ್ತಿ ಹೆಸರು ಬರೆಯೋದ್ರೊಳಗೆ ಜಾಗ ಖಾಲಿ. ಈ ಲೆಕ್ಕದಲ್ಲಿ ಒಂದು ಎಂಬಿ ಇಡೋಕೆ 65 ಕೋಟಿ ಗ್ಯಾಸ್ ಮೇಲಾಗುತ್ತೆ. 2025ರ ಕೊನೇಲಿ ಒಂದು ಬ್ಲಾಕ್‌ನ ಗ್ಯಾಸ್ ಮಿತಿ 6 ಕೋಟಿಗೆ ಏರಿಸಿದ್ರು, ಹಾಗಾಗಿ ಜಗತ್ತಿನ ಬೇರೆ ಯಾರೂ ಏನೂ ಮಾಡದೆ ಸುಮ್ನೆ ಕೂತ್ರೂ ನಿಮ್ಮ ಒಂದು ಎಂಬಿ ಫೋಟೋಗೆ 11 ಬ್ಲಾಕ್ ಪೂರ್ತಿ ಬೇಕು. ಈಥೀರಿಯಂನ ಹಣ ಈಥರ್, ಅದರ ನೂರು ಕೋಟಿಯಲ್ಲಿ ಒಂದು ಭಾಗ ಗ್ವೈ, ಗ್ಯಾಸ್ ದರ 20 ಗ್ವೈ ಇದ್ರೆ 13 ಈಥರ್ ಖರ್ಚು, ಒಂದು ಈಥರ್‌ಗೆ ಎರಡು ಲಕ್ಷ ರೂಪಾಯಿ ಅಂತ ಹಿಡ್ಕೊಳ್ಳಿ, 26 ಲಕ್ಷ ಆಯ್ತು. ದರ ಬಿದ್ದು 1 ಗ್ವೈ ಆದ್ರೂ ಲಕ್ಷದ ಮೇಲೆ. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋಗೆ! ಡೆವಲಪರ್‌ಗಳು ಇದಕ್ಕೂ ಒಂದು ಒಳದಾರಿ ಕಂಡ್ಕೊಂಡಿದಾರೆ, ಡೇಟಾನ ಕಾಂಟ್ರಾಕ್ಟ್ ಕೋಡ್ ಥರ ವೇಷ ಹಾಕಿ ಇಟ್ರೆ ಬೈಟಿಗೆ 200 ಗ್ಯಾಸ್, ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ, ಆದ್ರೂ ನಮ್ಮ ನಿಮ್ಮಂಥೋರ ಕೆಲಸ ಅಲ್ಲ ಬಿಡಿ.

ಚಿಕ್ಕದಿದ್ರೆ ಆಗುತ್ತೆ. ಕ್ರಿಪ್ಟೋಪಂಕ್ಸ್ ಅಂತ 2017ರ ಜೂನ್‌ನಲ್ಲಿ ಬಂದ 10,000 ಮುಖಗಳು, ಒಂದೊಂದೂ 24ಕ್ಕೆ 24 ಪಿಕ್ಸೆಲ್, ಅವೂ ಶುರುವಲ್ಲಿ ಚೈನ್ ಮೇಲೆ ಇರ್ಲಿಲ್ಲ, ಎಲ್ಲ ಮುಖ ಸೇರಿಸಿದ ಒಂದು ದೊಡ್ಡ ಚಿತ್ರದ ಹ್ಯಾಶ್ (ಫೈಲ್‌ನಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಸಂಖ್ಯೆ) ಮಾತ್ರ ಕಾಂಟ್ರಾಕ್ಟ್‌ನಲ್ಲಿತ್ತು, ಚಿತ್ರ ಹೊರಗೆ. ನಾಲ್ಕು ವರ್ಷ ಆದ್ಮೇಲೆ 2021ರ ಆಗಸ್ಟ್‌ನಲ್ಲಿ ಅಷ್ಟೂ ಚಿತ್ರಗಳನ್ನ ಚೈನಿಗೇ ಹಾಕಿದ್ರು. ಅಷ್ಟರಲ್ಲಿ ಜನ ಕೋಟಿಗಟ್ಟಲೆ ಕೊಟ್ಟು ಕೊಂಡಾಗಿತ್ತು.

ಇನ್ನೊಂದು ನಂಬಿಕೆ ಇದೆ, ಒಂದು ಸಲ ಚೈನಿಗೆ ಹೋದ್ರೆ ಪ್ರಳಯ ಆಗೋವರೆಗೂ ಪ್ರತಿ ನೋಡ್‌ನಲ್ಲೂ, ಅಂದ್ರೆ ಚೈನ್ ನಡೆಸೋ ಪ್ರತಿ ಕಂಪ್ಯೂಟರ್‌ನಲ್ಲೂ, ಇರುತ್ತೆ ಅಂತ. ಅದೂ ಈಗ ಪೂರ್ತಿ ನಿಜ ಅಲ್ಲ. 2024ರ ಮಾರ್ಚ್‌ನಲ್ಲಿ ಈಥೀರಿಯಂ ಬ್ಲಾಬ್ ಅನ್ನೋದನ್ನ ತಂತು, ಈಥೀರಿಯಂಗೆ ಆತುಕೊಂಡು ನಡೆಯೋ ಲೇಯರ್ 2 ಚೈನ್‌ಗಳು ತಮ್ಮ ಡೇಟಾನ ಅಗ್ಗಕ್ಕೆ ಹಾಕೋ ಜಾಗ, ಅದು ಸುಮಾರು 18 ದಿನ ಇದ್ದು ಅಳಿಸಿ ಹೋಗುತ್ತೆ, ಅಗ್ಗ ಆಗಿರೋದೇ ಅದಕ್ಕೆ. 2025ರ ಜುಲೈನಲ್ಲಿ ಇನ್ನೊಂದು ಹೆಜ್ಜೆ, 2022ರ ಸೆಪ್ಟೆಂಬರ್‌ನ ಮರ್ಜ್ ಅನ್ನೋ ದೊಡ್ಡ ಬದಲಾವಣೆಗಿಂತ ಹಿಂದಿನ ಬ್ಲಾಕ್‌ಗಳ ಇತಿಹಾಸನ ನೋಡ್ ನಡೆಸೋರು ಬೇಕಾದ್ರೆ ಕೈಬಿಡಬಹುದು ಅಂತ ಆಯ್ತು, ಅದರಿಂದ ಒಬ್ಬೊಬ್ಬರಿಗೂ 300ರಿಂದ 500 ಜಿಬಿ ಡಿಸ್ಕ್ ಉಳಿಯುತ್ತೆ. ತಪ್ಪು ಅಂತ ನಾನು ಹೇಳ್ತಾ ಇಲ್ಲ, ಡಿಸ್ಕ್ ಯಾರಪ್ಪನ ಮನೆಯಿಂದ ಬರುತ್ತೆ ಹೇಳಿ. ಈಗ ಯಾರದ್ದು ಎಷ್ಟು ಅನ್ನೋ ಲೆಕ್ಕ ಎಲ್ಲರ ಹತ್ರ ಇರುತ್ತೆ, ಹಳೇ ಕಡತ ಇಟ್ಕೊಂಡಿರೋರು ಕೆಲವರು ಮಾತ್ರ.

ಹಾಗಾಗಿ ದೊಡ್ಡ ಡೇಟಾ ಎಲ್ಲ ಹೊರಗೆ. ಹೊರಗೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಹೆಸರು ಐಪಿಎಫ್‌ಎಸ್ ಅನ್ನೋ ಫೈಲ್ ಹಂಚೋ ಜಾಲ, ಹುವಾನ್ ಬೆನೆಟ್ ಅನ್ನೋರು ಪ್ರೋಟೋಕಾಲ್ ಲ್ಯಾಬ್ಸ್ ಕಟ್ಟಿ ಹತ್ತು ವರ್ಷದ ಹಿಂದೆ ತಂದಿದ್ದು. ಐಡಿಯಾ ಚೆನ್ನಾಗಿದೆ. ಫೈಲ್‌ಗೆ ವಿಳಾಸ ಕೊಡೋದು ಅದು ಎಲ್ಲಿದೆ ಅಂತ ನೋಡಿ ಅಲ್ಲ, ಅದರೊಳಗೆ ಏನಿದೆ ಅಂತ ಲೆಕ್ಕ ಹಾಕಿ. ಒಂದು ಬಿಟ್ ಬದಲಾದ್ರೂ ವಿಳಾಸವೇ ಬದಲು, ಅದಕ್ಕೇ ಯಾರೂ ಕದ್ದು ತಿದ್ದೋಕಾಗಲ್ಲ, ನಿಮಗೆ ಸಿಕ್ಕಿದ್ದು ಅಸಲಿಯೋ ನಕಲಿಯೋ ಅಂತ ನಿಮ್ಮ ಕಂಪ್ಯೂಟರೇ ಹೇಳುತ್ತೆ. ಎಲ್ಲರೂ ಎಡವೋದು ಇಲ್ಲೇ, ಐಪಿಎಫ್‌ಎಸ್‌ಗೆ ಹಾಕಿದೀವಿ ಅಂದ್ರೆ ಶಾಶ್ವತ ಅಂದ್ಕೊಂಡುಬಿಡ್ತಾರೆ. ಜಗತ್ತಿನಲ್ಲಿ ಯಾವುದಾದ್ರೂ ಒಂದು ಕಂಪ್ಯೂಟರ್ ಆ ಫೈಲನ್ನ ಪಿನ್ ಮಾಡಿ ಇಟ್ಕೊಂಡಿದ್ರೆ ಮಾತ್ರ ಅದು ಸಿಗುತ್ತೆ, ಬೇರೆ ನೋಡ್‌ಗಳು ಸ್ವಲ್ಪ ದಿನ ನಕಲು ಇಟ್ಕೊಂಡು ಜಾಗ ಬೇಕಾದಾಗ ಗುಡಿಸಿ ಹಾಕ್ತವೆ. ವಿಳಾಸ ಉಳಿಯುತ್ತೆ, ಮನೆ ಇರಲ್ಲ. ಪಿನ್ ಮಾಡೋ ಸರ್ವಿಸ್‌ಗಳಿಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು, ಪುಕ್ಕಟೆ ಕೊಡೋರೂ ಇದ್ರು, ಎನ್‌ಎಫ್‌ಟಿ ಡಾಟ್ ಸ್ಟೋರೇಜ್ ಅಂತ, ಅದರ ಹಳೇ ಉಚಿತ ಸರ್ವಿಸ್ 2024ರ ಜೂನ್ 30ಕ್ಕೆ ಹೊಸ ಅಪ್‌ಲೋಡ್ ತಗೊಳ್ಳೋದು ನಿಲ್ಲಿಸ್ತು.

ಈ ತೂತು ಮುಚ್ಚೋಕೆ ಬಂದಿದ್ದು ಫೈಲ್‌ಕಾಯಿನ್, 2020ರ ಅಕ್ಟೋಬರ್‌ನಲ್ಲಿ ಶುರುವಾಯ್ತು. ಇಲ್ಲಿ ಡಿಸ್ಕ್ ಕೊಡೋನು ಮೊದಲೇ ಡೆಪಾಸಿಟ್ ಇಡಬೇಕು, ಡೇಟಾ ನನ್ನ ಹತ್ರ ಇನ್ನೂ ಇದೆ ಅಂತ ದಿನಾ ಗಣಿತದ ರೂಪದಲ್ಲಿ ಪುರಾವೆ ಕೊಡ್ತಾ ಇರಬೇಕು, ತಪ್ಪಿದ್ರೆ ಡೆಪಾಸಿಟ್ ಕಟ್. ನನಗೆ ಇಡೀ ಕ್ಷೇತ್ರದಲ್ಲಿ ನಿಜವಾಗ್ಲೂ ಜಾಣತನ ಅನ್ನಿಸಿದ ಕೆಲಸ ಇದು. ಆದ್ರೆ ಅದೂ ಅವಧಿ ಮೇಲೆ ನಡೆಯೋ ಕರಾರು, ಮುಗಿದಾಗ ಯಾರಾದ್ರೂ ರಿನ್ಯೂ ಮಾಡಬೇಕು. ಆರ್‌ವೀವ್ ಬೇರೆ ದಾರಿ ಹಿಡೀತು, ಒಂದೇ ಸಲ ಕಟ್ಟಿ, ಆ ದುಡ್ಡು ಒಂದು ನಿಧಿಗೆ ಹೋಗುತ್ತೆ, ಸ್ಟೋರೇಜ್ ಬೆಲೆ ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಇಳೀತಾ ಹೋಗುತ್ತಲ್ಲ, ಇವತ್ತಿನ ಬೆಲೆಯಲ್ಲಿ 200 ವರ್ಷಕ್ಕೆ ಆಗೋಷ್ಟು ಬಾಡಿಗೆ ಮುಂಚೆಯೇ ಕಟ್ಟಿದ ಹಾಗೆ, ಬೆಲೆ ವರ್ಷಕ್ಕೆ ಅರ್ಧ ಪರ್ಸೆಂಟ್ ಇಳಿದ್ರೂ ಸಾಕು, ಆ ದುಡ್ಡು ಮುಗಿಯೋದೇ ಇಲ್ಲ ಅನ್ನೋ ಲೆಕ್ಕ. ನಿಧಿ ಇರೋದು ಅವರದೇ ಟೋಕನ್‌ನಲ್ಲಿ ಅನ್ನೋದು ಮಾತ್ರ ಮರೀಬೇಡಿ, ಟೋಕನ್ ಬೆಲೆ ನೆಲ ಕಚ್ಚಿದ್ರೆ 200 ವರ್ಷದ ಲೆಕ್ಕ ಏನಾಗುತ್ತೆ ಅಂತ ನೀವೇ ಊಹಿಸಿ.

ನಿಮ್ಮ ಹತ್ರ ಎನ್‌ಎಫ್‌ಟಿ ಇದ್ರೆ ಪರೀಕ್ಷೆ ಮಾಡೋದು ಕಷ್ಟ ಇಲ್ಲ. ಈಥೀರಿಯಂನ ಲೆಕ್ಕ ತೋರಿಸೋ ಈಥರ್‌ಸ್ಕ್ಯಾನ್ ವೆಬ್‌ಸೈಟ್‌ನಲ್ಲಿ ಆ ಕಾಂಟ್ರಾಕ್ಟ್ ತೆಗೆದು ರೀಡ್ ಕಾಂಟ್ರಾಕ್ಟ್ ಅನ್ನೋ ಕಡೆ ಟೋಕನ್‌ಯುಆರ್‌ಐ ಅಂತ ಇರುತ್ತೆ, ನಿಮ್ಮ ಟೋಕನ್ ನಂಬರ್ ಹಾಕಿ ಒತ್ತಿ. ಬಂದ ಉತ್ತರ ಎಚ್‌ಟಿಟಿಪಿಎಸ್ ಅಂತ ಶುರುವಾದ್ರೆ ಸಾಮಾನ್ಯವಾಗಿ ಯಾವುದೋ ಕಂಪನಿ ಸರ್ವರ್, ಅವರು ಡೊಮೈನ್ ರಿನ್ಯೂ ಮಾಡೋದು ಮರೆತ್ರೆ ಮುಗೀತು. ಐಪಿಎಫ್‌ಎಸ್ ಅಂತ ಇದ್ರೆ ತಿದ್ದೋಕಾಗಲ್ಲ ಆದ್ರೆ ಕಾಣೆಯಾಗಬಹುದು, ಆ ಫೈಲ್ ಇಳಿಸ್ಕೊಂಡು ನೀವೇ ಪಿನ್ ಮಾಡಬಹುದು. ಎಆರ್ ಅಂತಿದ್ರೆ ಆರ್‌ವೀವ್. ಡೇಟಾ ಅಂತ ಶುರುವಾಗಿ ಉದ್ದಕ್ಕೆ ಅಕ್ಷರಗಳ ರಾಶಿ ಬಂದ್ರೆ ಮೆಟಾಡೇಟಾ (ಟೋಕನ್‌ನ ವಿವರ) ಚೈನ್ ಮೇಲೇ ಇದೆ, ಖುಷಿ ಪಡೋ ಮುಂಚೆ ಅದರೊಳಗೆ ಚಿತ್ರದ ಲಿಂಕ್ ಮತ್ತೆ ಹೊರಗೆ ಕೈ ತೋರಿಸ್ತಾ ಇದ್ಯಾ ಅಂತ ನೋಡ್ಕೊಳ್ಳಿ.

ಇಡೋದು ಒಂದು ಕಥೆ ಆದ್ರೆ ಓದೋದು ಇನ್ನೊಂದು. ಸಿಗ್ನಲ್ ಆ್ಯಪ್ ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ 2022ರ ಜನವರಿಯಲ್ಲಿ ತಾವು ಮಾಡಿದ ಒಂದು ತಮಾಷೆ ಬಗ್ಗೆ ಬರೆದ್ರು. ಯಾರು ನೋಡ್ತಾರೋ ಅವರಿಗೆ ತಕ್ಕ ಹಾಗೆ ಬೇರೆ ಬೇರೆ ಚಿತ್ರ ತೋರಿಸೋ ಎನ್‌ಎಫ್‌ಟಿ ಮಾಡಿ ಇಟ್ರು, ಸರ್ವರ್ ಅವರದೇ ಅಲ್ವಾ, ಏನು ಬೇಕಾದ್ರೂ ಕಳಿಸಬಹುದು. ಸ್ವಲ್ಪ ದಿನಕ್ಕೆ ಓಪನ್‌ಸೀ ಮಾರ್ಕೆಟ್‌ನೋರು ಅದನ್ನ ತೆಗೆದುಹಾಕಿದ್ರು. ಸರಿ, ಅವರ ಅಂಗಡಿ ಅವರಿಷ್ಟ. ಆದ್ರೆ ಅದು ಮಾಕ್ಸಿಯವರ ವಾಲೆಟ್‌ನಿಂದಲೂ ಮಾಯ ಆಯ್ತು! ಚೈನ್ ಮೇಲೆ ಟೋಕನ್ ಅವರ ಹೆಸರಲ್ಲೇ ಇದೆ, ವಾಲೆಟ್ ಮಾತ್ರ ಚೈನನ್ನ ನೋಡ್ತಾನೇ ಇರ್ಲಿಲ್ಲ, ಓಪನ್‌ಸೀ ಕಡೆ ಕೇಳಿ ತೋರಿಸ್ತಾ ಇತ್ತು. ನಾವು ಫೋನ್‌ನಲ್ಲಿ ಪೂರ್ತಿ ನೋಡ್ ಓಡಿಸೋಕಾಗಲ್ಲ, ಅದಕ್ಕೇ ಇನ್ಫುರಾ, ಆಲ್ಕೆಮಿ ಥರದ ಕಂಪನಿಗಳು ಮಧ್ಯದಲ್ಲಿ ಕೂತು ಚೈನ್ ಓದಿ ಹೇಳ್ತವೆ. 2020ರ ನವೆಂಬರ್ 11ರಂದು ಇನ್ಫುರಾ ಬಿದ್ದಾಗ ಬಿನಾನ್ಸ್‌ನಂಥ, ಕ್ರಿಪ್ಟೋ ಕೊಡು-ಕೊಳ್ಳೋ ಎಕ್ಸ್‌ಚೇಂಜ್ ಕೂಡ ಈಥರ್ ವಿತ್‌ಡ್ರಾ ನಿಲ್ಲಿಸಬೇಕಾಯ್ತು. 2025ರ ಅಕ್ಟೋಬರ್ 20ಕ್ಕೆ ಅಮೆಜಾನ್‌ನ ಕ್ಲೌಡ್ ಅಮೆರಿಕದ ವರ್ಜೀನಿಯಾ ಕಡೆ ಕೈಕೊಟ್ಟಾಗ ಕಾಯಿನ್‌ಬೇಸ್ ಅನ್ನೋ ಎಕ್ಸ್‌ಚೇಂಜ್ ನಿಂತುಹೋಯ್ತು, ಇನ್ಫುರಾಗೂ ಪೆಟ್ಟು ಬಿತ್ತು, ಅಲ್ಲಿ ಬ್ಲಾಕ್‌ಗಳು ಬರ್ತಾನೇ ಇವೆ, ಇಲ್ಲಿ ಜನಕ್ಕೆ ತಮ್ಮ ದುಡ್ಡು ಕಾಣ್ತಾ ಇಲ್ಲ.

ಇಷ್ಟೆಲ್ಲ ಬೈದ ಮೇಲೆ ಎರಡನೇ ಪ್ರಶ್ನೆಗೆ ಬರ್ತೀನಿ, ಬಿಟ್ಟು ಹೋಗೋಕೆ ಆಗುತ್ತಾ ಅನ್ನೋದು. ಇಲ್ಲಿ ಬ್ಲಾಕ್‌ಚೈನ್ ನಿಜವಾಗ್ಲೂ ಏನೋ ಕೊಟ್ಟಿದೆ. ಸ್ಟೀಮ್ ಅಂತ 2016ರಲ್ಲಿ ಶುರುವಾದ ಚೈನ್ ಒಂದಿದೆ, ಜನ ಬರೆದ ಪೋಸ್ಟ್, ಕಾಮೆಂಟ್, ಲೈಕ್ ಎಲ್ಲ ಚೈನ್ ಮೇಲೇ ಹೋಗುತ್ತೆ. 2020ರ ಫೆಬ್ರವರಿಯಲ್ಲಿ ಟ್ರಾನ್ ಅನ್ನೋ ಇನ್ನೊಂದು ಚೈನ್ ಕಟ್ಟಿದ ಜಸ್ಟಿನ್ ಸನ್ ಅದರ ಹಿಂದಿನ ಸ್ಟೀಮಿಟ್ ಕಂಪನಿಯನ್ನ ಕೊಂಡ್ಕೊಂಡ್ರು, ಕಂಪನಿ ಜೊತೆ ದೊಡ್ಡ ಗಂಟು ಟೋಕನ್ ಕೂಡ ಬಂತು, ಬಳಕೆದಾರರು ಆರಿಸಿದ್ದ ನೋಡ್ ನಡೆಸೋರು ಅದಕ್ಕೆ ತಡೆ ಹಾಕಿದ್ರು, ಸನ್ ಸುಮ್ನಿರ್ತಾರಾ, ಎಕ್ಸ್‌ಚೇಂಜ್‌ಗಳಲ್ಲಿ ಗ್ರಾಹಕರು ಇಟ್ಟಿದ್ದ ಟೋಕನ್ ಬಳಸಿ ವೋಟ್ ಹಾಕಿಸಿ ಚೈನ್ ನಡೆಸೋ ಅಧಿಕಾರಾನೇ ಕೈಗೆ ತಗೊಂಡ್ರು. ಇಟ್ಟೋರನ್ನ ಕೇಳೂ ಇಲ್ಲ. ಫೇಸ್‌ಬುಕ್ ಥರದ ಜಾಗದಲ್ಲಾಗಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು. ಆದ್ರೆ ಇಲ್ಲಿ ಡೇಟಾ ಯಾರು ಬೇಕಾದ್ರೂ ನಕಲು ಮಾಡೋ ಹಾಗೆ ತೆರೆದಿತ್ತು, ಕೋಡೂ ಸಿಗ್ತಿತ್ತು, ಮಾರ್ಚ್ 20ಕ್ಕೆ ಜನ ಹೈವ್ ಅನ್ನೋ ಹೊಸ ಚೈನ್ ಕಟ್ಕೊಂಡು ತಮ್ಮ ಹಳೇ ಪೋಸ್ಟ್, ಹೆಸರು, ಖಾತೆ ಸಮೇತ ಎದ್ದು ಹೋದ್ರು. ಹೀಗೆ ಇಡೀ ಊರೇ ಗುಳೆ ಎದ್ದು ಹೋಗೋ ದಾರಿ ಬೇರೆ ಯಾವ ಸೋಶಿಯಲ್ ಮೀಡಿಯಾದಲ್ಲಿ ಇದೆ ಹೇಳಿ. ಡೇಟಾ ಮಾಲೀಕತ್ವ ಅಂತ ಏನಾದ್ರೂ ಇದ್ರೆ ನನಗೆ ಅದು ಕಾಣೋದು ಇದರಲ್ಲಿ.

ಅದೇ ಗುಣ ತಿರುಗಿಬಿದ್ರೆ? ಯಾರು ಬೇಕಾದ್ರೂ ನಕಲು ಮಾಡಬಹುದು ಅಂದ್ಮೇಲೆ ಯಾರಿಂದಲೂ ಅಳಿಸೋಕಾಗಲ್ಲ. ನೀವು 2016ರಲ್ಲಿ ಸಿಟ್ಟಿನಲ್ಲಿ ಬರೆದ ಪೋಸ್ಟ್ ಈಗ ಎರಡು ಚೈನ್‌ನಲ್ಲಿದೆ. ಸಿಟ್ಟಿನ ಪೋಸ್ಟ್ ಹೋಗ್ಲಿ, ಆಸ್ಪತ್ರೆ ರಿಪೋರ್ಟೋ ಜಾತಿ ಸರ್ಟಿಫಿಕೇಟೋ ಆಗಿದ್ರೆ?

ಇದಕ್ಕೆ ಎಲ್ಲ ಕಂಪನಿಗಳ ಹತ್ರ ಒಂದು ಸಿದ್ಧ ಉತ್ತರ ಇರುತ್ತೆ, ನಾವು ಡೇಟಾ ಹಾಕಲ್ಲ ಸಾರ್, ಹ್ಯಾಶ್ ಮಾತ್ರ ಹಾಕ್ತೀವಿ, ಹ್ಯಾಶ್‌ನಿಂದ ಹಿಂದಕ್ಕೆ ಹೋಗೋಕಾಗಲ್ಲ ಅಂತ. ಅರ್ಧ ನಿಜ. ದೊಡ್ಡ ಪಿಡಿಎಫ್‌ನ ಹ್ಯಾಶ್ ಆದ್ರೆ ಸರಿ. ಆಧಾರ್ ನಂಬರಿನ ಬರೀ ಹ್ಯಾಶ್ ಹಾಕಿದ್ರೋ ಕೆಟ್ರಿ. 12 ಅಂಕಿ, ಮೊದಲನೇದು ಸೊನ್ನೆಯೋ ಒಂದೋ ಇರಲ್ಲ, ಕೊನೇದು ಉಳಿದ 11ರಿಂದ ಲೆಕ್ಕ ಹಾಕೋ ಚೆಕ್ ಅಂಕಿ, ಹಾಗಾಗಿ ಸಾಧ್ಯತೆ ಇರೋದು 8 ಸಾವಿರ ಕೋಟಿ ಮಾತ್ರ. ಕೇಳೋಕೆ ದೊಡ್ಡದು, ಆದ್ರೆ ಹುಡುಗರು ಗೇಮ್ ಆಡೋ ಒಂದು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಹ್ಯಾಶ್ ಹಾಕುತ್ತೆ, ಇರೋ ಎಲ್ಲ ನಂಬರ್ ಪ್ರಯತ್ನ ಮಾಡಿ ಮುಗಿಸೋಕೆ ಒಂದು ಲೋಟ ಕಾಫಿ ಕುಡಿಯೋಷ್ಟು ಹೊತ್ತೂ ಬೇಡ. ಮೊಬೈಲ್ ನಂಬರ್ ಆದ್ರೆ ಇನ್ನೂ ಸುಲಭ. ಪ್ರತಿ ದಾಖಲೆಗೂ ಸಾಲ್ಟ್ ಅನ್ನೋ ಗುಟ್ಟಾದ ಒಂದು ಉದ್ದನೆ ಅಂಕಿ ಸೇರಿಸಿ ಹ್ಯಾಶ್ ಮಾಡಬೇಕು, ಆ ಸಾಲ್ಟ್ ಅಳಿಸಿದ್ರೆ ಚೈನ್ ಮೇಲಿರೋದು ಬರೀ ಅರ್ಥ ಇಲ್ಲದ ಅಂಕಿ ಆಗಿ ಉಳಿಯುತ್ತೆ. ಯಾವ ಪ್ರಾಜೆಕ್ಟ್‌ನೋರು ಬಂದ್ರೂ ಸಾಲ್ಟ್ ಹಾಕಿದೀರಾ, ಅದು ಯಾರ ಹತ್ರ ಇದೆ ಅಂತ ಕೇಳಿ, ಮುಖ ನೋಡಿದ್ರೆ ಗೊತ್ತಾಗುತ್ತೆ. ಪೂರ್ತಿ ಡೇಟಾನೇ ಎನ್‌ಕ್ರಿಪ್ಟ್ ಮಾಡಿ ಹಾಕ್ತೀವಿ, ಬೇಡ ಅಂದಾಗ ಕೀ ಬಿಸಾಕ್ತೀವಿ ಅನ್ನೋರೂ ಇದಾರೆ, ಅದು ಇವತ್ತಿನ ಎನ್‌ಕ್ರಿಪ್ಶನ್ ಮೂವತ್ತು ವರ್ಷ ಆದ್ಮೇಲೂ ಗಟ್ಟಿ ಇರುತ್ತೆ ಅನ್ನೋ ಜೂಜು.

ಕಾನೂನು ಏನನ್ನುತ್ತೆ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ಜಡ್ಜ್‌ಗಳು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಕೇಸ್‌ನಲ್ಲಿ. ಅದರ ಬೆನ್ನಿಗೆ ಬಂದ ಡಿಪಿಡಿಪಿ, ಅಂದ್ರೆ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ 2023ರದ್ದು, ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರೋದು ಅಲ್ಲಿಂದ 18 ತಿಂಗಳಿಗೆ, ಅಂದ್ರೆ 2027ರ ಮೇ. ನನ್ನ ಡೇಟಾ ಅಳಿಸಿ ಅಂತ ಕೇಳೋ ಹಕ್ಕು ಸೆಕ್ಷನ್ 12ರಲ್ಲಿದೆ. ಯುರೋಪಿನೋರು ಇದರಲ್ಲಿ ಖಡಕ್, ಅಲ್ಲಿನ ಡೇಟಾ ರಕ್ಷಣಾ ಮಂಡಳಿ 2025ರ ಏಪ್ರಿಲ್‌ನಲ್ಲಿ ಬ್ಲಾಕ್‌ಚೈನ್ ಬಗ್ಗೇನೇ ಮಾರ್ಗಸೂಚಿ ಹೊರಡಿಸಿ, ತಾಂತ್ರಿಕವಾಗಿ ಆಗಲ್ಲ ಅನ್ನೋದು ನೆಪ ಆಗಲ್ಲ, ಅಳಿಸೋಕಾಗದಿದ್ರೆ ವೈಯಕ್ತಿಕ ಡೇಟಾನ ಚೈನ್ ಮೇಲೆ ಹಾಕಲೇಬೇಡಿ ಅನ್ನೋ ಅರ್ಥದಲ್ಲಿ ಹೇಳಿದೆ. ನಮ್ಮ ಕಾಯ್ದೆಯಲ್ಲಿ ಎರಡು ಕಿಂಡಿ ಇವೆ. ಯಾರು ತಮ್ಮ ಡೇಟಾನ ತಾವೇ ಸಾರ್ವಜನಿಕ ಮಾಡಿರ್ತಾರೋ ಆ ಡೇಟಾಕ್ಕೆ ಕಾಯ್ದೆ ಅನ್ವಯಿಸಲ್ಲ, ಪಬ್ಲಿಕ್ ಚೈನ್‌ನಲ್ಲಿ ಬಟನ್ ಒತ್ತಿದ್ದು ನೀವೇ ಅಲ್ವಾ ಅಂತ ಯಾವುದಾದ್ರೂ ಕಂಪನಿ ವಕೀಲರು ವಾದಿಸದೆ ಬಿಡಲ್ಲ ನೋಡ್ತಾ ಇರಿ. ಇನ್ನೊಂದು ಸೆಕ್ಷನ್ 17ರಲ್ಲಿ, ಸರ್ಕಾರ ಇಟ್ಕೊಂಡಿರೋ ಡೇಟಾಕ್ಕೆ ಅಳಿಸೋ ಹಕ್ಕು ನಡೆಯಲ್ಲ.

ಈ ಎರಡನೇ ಕಿಂಡಿ ಯಾಕೆ ಮುಖ್ಯ ಅಂದ್ರೆ ನಮ್ಮಲ್ಲಿ ಬ್ಲಾಕ್‌ಚೈನ್ ಹುಚ್ಚು ಜಾಸ್ತಿ ಇರೋದೇ ಸರ್ಕಾರಿ ದಾಖಲೆಗಳಲ್ಲಿ. 2022ರಲ್ಲಿ ಮಹಾರಾಷ್ಟ್ರದ ಗಡ್ಚಿರೋಲಿ ಜಿಲ್ಲೆಯ ಎಟಪಲ್ಲಿಯಲ್ಲಿ 65,000 ಜಾತಿ ಸರ್ಟಿಫಿಕೇಟ್‌ಗಳನ್ನ ಪಾಲಿಗಾನ್ ಅನ್ನೋ ಪಬ್ಲಿಕ್ ಚೈನಿಗೆ ಕಟ್ಟೋ ಕೆಲಸಕ್ಕೆ ಕೈ ಹಾಕಿದ್ರು. ಉದ್ದೇಶ ಒಳ್ಳೇದೇ, ನಕಲಿ ಸರ್ಟಿಫಿಕೇಟ್ ಹಾವಳಿ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು, ಆದಿವಾಸಿಗಳ ಸೀಟು ಬೇರೆಯೋರು ಹೊಡ್ಕೊಂಡು ಹೋಗೋದು ನಿಲ್ಲಬೇಕು. ಆದ್ರೆ ಒಬ್ಬ ಮನುಷ್ಯನ ಜಾತಿಯ ಬಗ್ಗೆ ಪಬ್ಲಿಕ್ ಚೈನ್‌ನಲ್ಲಿ ಏನು ಹೋಗುತ್ತೆ ಅನ್ನೋದು ಸಾಲ್ಟ್ ಪ್ರಶ್ನೆಯಷ್ಟೇ ಗಂಭೀರ, ನಾಳೆ ತಿದ್ದುಪಡಿ ಆದ್ರೆ ಹಳೇ ಗುರುತು ಅಲ್ಲೇ ಇರುತ್ತೆ.

ಕೇಂದ್ರ ಸರ್ಕಾರದ ದಾರಿ ಬೇರೆ. ಬೆಂಗಳೂರಿನಲ್ಲಿ 2020ರ ಜನವರಿಯಲ್ಲಿ ಕೇಂದ್ರದ ಐಟಿ ಸಂಸ್ಥೆ ಎನ್‌ಐಸಿಯ ಬ್ಲಾಕ್‌ಚೈನ್ ಸೆಂಟರ್ ಶುರುವಾಯ್ತು, 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸ್ಯ ಅನ್ನೋ ರಾಷ್ಟ್ರೀಯ ಬ್ಲಾಕ್‌ಚೈನ್ ವ್ಯವಸ್ಥೆ ಬಂತು, ಅದರ ನೋಡ್‌ಗಳು ಭುವನೇಶ್ವರ, ಪುಣೆ, ಹೈದರಾಬಾದ್‌ನ ಎನ್‌ಐಸಿ ಡೇಟಾ ಸೆಂಟರ್‌ಗಳಲ್ಲಿ. ಮೂರು ಊರು, ಮಾಲೀಕ ಒಬ್ಬನೇ. ಇದನ್ನ ಡೀಸೆಂಟ್ರಲೈಸ್ಡ್ ಅನ್ನೋದಕ್ಕೆ ನನಗಂತೂ ಬಾಯಿ ಬರಲ್ಲ, ತಿದ್ದಿದ್ರೆ ಸಿಕ್ಕಿಬೀಳೋ ಒಂದು ಲೆಡ್ಜರ್ ಅಂದ್ರೆ ಒಪ್ತೀನಿ, ಮತ್ತೆ ಬಹಳ ಕೆಲಸಕ್ಕೆ ಅಷ್ಟೇ ಸಾಕು ಕೂಡ. ಕರ್ನಾಟಕದಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಹೋಗೋ ಔಷಧಿಯ ಸಾಗಾಟದ ಲೆಕ್ಕ ಇಡೋ 'ಔಷಧ' ಅನ್ನೋ ವ್ಯವಸ್ಥೆಗೆ ಬ್ಲಾಕ್‌ಚೈನ್ ಬಳಸಿದಾರೆ, ಅದು ಸರಿಯಾದ ಜಾಗ, ಮಾತ್ರೆಯ ಬ್ಯಾಚ್ ನಂಬರ್‌ಗೆ ಖಾಸಗಿತನ ಬೇಡ, ಅಳಿಸಿ ಅಂತ ಅದು ಅರ್ಜಿ ಹಾಕಲ್ಲ.

ಮನುಷ್ಯರ ದಾಖಲೆಗೆ ಬೇರೆ ದಾರಿನೇ ಬೇಕು. ಸರ್ಟಿಫಿಕೇಟ್ ನಿಮ್ಮ ಫೋನಿನಲ್ಲೇ ಇರಲಿ, ಅದಕ್ಕೆ ಕೊಟ್ಟ ಇಲಾಖೆಯ ಡಿಜಿಟಲ್ ಸಹಿ ಇರಲಿ, ಚೈನ್ ಮೇಲೆ ಇಲಾಖೆಯ ಪಬ್ಲಿಕ್ ಕೀ (ಸಹಿ ಅಸಲಿಯಾ ಅಂತ ಪರೀಕ್ಷಿಸೋ ಸಂಖ್ಯೆ) ಮತ್ತೆ ರದ್ದಾದ ಸರ್ಟಿಫಿಕೇಟ್‌ಗಳ ಗುರುತು ಸಿಗದ ಪಟ್ಟಿ, ಇಷ್ಟು ಸಾಕು, ತೋರಿಸಿದ್ರೆ ಅಸಲಿ ಅಂತ ಯಾರು ಬೇಕಾದ್ರೂ ಪರೀಕ್ಷೆ ಮಾಡಬಹುದು, ತೋರಿಸದಿದ್ರೆ ನೀವು ಯಾರು ಅಂತಾನೇ ಗೊತ್ತಾಗಲ್ಲ. ಇದರ ಸ್ಟ್ಯಾಂಡರ್ಡ್‌ಗಳು ಸಿದ್ಧ ಇವೆ. ಫೋನ್ ಕಳೆದ್ರೆ ಏನು ಅಂತೀರಾ, ಇಲಾಖೆ ಮತ್ತೊಂದು ಕೊಡುತ್ತೆ, ಈಗಲೂ ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡ್ ತಗೊಳ್ಳಲ್ವಾ ಹಾಗೆ. ಉಳಿಯೋದು ಖಾಸಗಿ ಆ್ಯಪ್‌ಗಳು. 2027ರ ಮೇ ಆದ್ಮೇಲೆ ಯಾರೋ ಒಬ್ಬರು ಇಂಥ ಆ್ಯಪ್ ಮೇಲೆ ಡೇಟಾ ಅಳಿಸಿ ಅಂತ ದೂರು ಕೊಟ್ರೆ ನಮ್ಮ ಡೇಟಾ ಪ್ರೊಟೆಕ್ಷನ್ ಬೋರ್ಡ್ ಯಾರನ್ನ ಕರೆಸುತ್ತೆ? ಕಾಂಟ್ರಾಕ್ಟ್ ಬರೆದು ಕೈ ತೊಳ್ಕೊಂಡ ಡೆವಲಪರನ್ನಾ, ಹತ್ತಾರು ದೇಶದಲ್ಲಿ ನೋಡ್ ಓಡಿಸ್ತಿರೋರನ್ನಾ, ಐಪಿಎಫ್‌ಎಸ್‌ನಲ್ಲಿ ಪಿನ್ ಮಾಡಿರೋನನ್ನಾ? ಮೊದಲ ನೋಟಿಸ್ ಆ್ಯಪ್‌ನ ವೆಬ್‌ಸೈಟ್ ನಡೆಸೋ ಕಂಪನಿಗೇ ಹೋಗುತ್ತೆ ಅನ್ನೋದು ನನ್ನ ಅಂದಾಜು, ಯಾಕಂದ್ರೆ ಅಷ್ಟೂ ಜನರಲ್ಲಿ ಜಿಎಸ್‌ಟಿ ನಂಬರ್, ಆಫೀಸ್ ವಿಳಾಸ ಅಂತ ಇರೋದು ಅವರಿಗೆ ಮಾತ್ರ.